ಎಲ್ಲ ಉಚಿತ ಇದ್ದರೂ ಗರ್ಭಿಣಿಯರು ತಪಾಸಣೆಗೆ ಯಾಕೆ ಬರುವುದಿಲ್ಲ?

ಬಡ ದೇಶಗಳಲ್ಲಿ ತಪಾಸಣೆ, ಹೆರಿಗೆ ಎಲ್ಲ ಉಚಿತ ಮಾಡಿದರೂ ಹೆಂಗಸರು ಪೂರ್ತಿ ಬಳಸಿಕೊಳ್ಳುವುದಿಲ್ಲ, ತಿಳಿವಳಿಕೆ ಇಲ್ಲದ್ದೇ ಕಾರಣವಾ ಅಂತ ಕೇಳಿದ್ದೀರಿ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಎಂ.ಎ.ಯಂಥ ಸ್ನಾತಕೋತ್ತರ ಪದವಿ) ಪ್ರಾಜೆಕ್ಟ್‌ಗೆ ಪ್ರಶ್ನಾವಳಿ ತಯಾರು ಮಾಡುತ್ತಿದ್ದೇನೆ ಅಂತಲೂ ಬರೆದಿದ್ದೀರಿ. ನಾನು ಯಾದಗಿರಿ ಕಡೆ ಸರ್ಕಾರಿ ನರ್ಸ್. ಹೆರಿಗೆ ವಾರ್ಡಿನಲ್ಲೇ ಜಾಸ್ತಿ ಕೆಲಸ ಮಾಡಿದ್ದೇನೆ. ನಾನು ಕಂಡ ಮಟ್ಟಿಗೆ ತಿಳಿವಳಿಕೆಯ ಕೊರತೆ ತೀರಾ ಕೊನೆಗೆ ಬರುತ್ತದೆ. ಒಂದು ದಿನ ಬಿಡುವು ಮಾಡಿಕೊಂಡು ಆಸ್ಪತ್ರೆಗೆ ಹೊರಡುವ ಅಧಿಕಾರವೇ ಎಷ್ಟೋ ಹೆಂಗಸರಿಗೆ ಇಲ್ಲ.

ಹತ್ತಿ ಬಿಡಿಸುವ ಕಾಲವನ್ನೇ ನೋಡಿ. ಕೂಲಿ ಕೆಜಿ ಲೆಕ್ಕದಲ್ಲಿ. ಆರು ತಿಂಗಳ ಬಸುರಿಯೂ ಉಡಿ ಕಟ್ಟಿಕೊಂಡು ಹೊಲದಲ್ಲಿರುತ್ತಾಳೆ. 2016ರಿಂದ ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಡಾಕ್ಟರೇ ನೋಡುವ ವ್ಯವಸ್ಥೆ ಇದೆ. ಒಳ್ಳೆಯ ಯೋಜನೆ. ಆದರೆ ಅವತ್ತು ಬಂದರೆ ಅವತ್ತಿನ ಕೂಲಿ ಹೋಯಿತು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಚಿಂತೆ ತಪ್ಪಿದೆ, ಅದು ನಿಜಕ್ಕೂ ದೊಡ್ಡ ಉಪಕಾರ. ಊರಿಗೆ ಬೆಳಗ್ಗೆ ಒಂದು, ಸಂಜೆ ಒಂದೇ ಬಸ್ಸು ಇದ್ದರೆ ಏನು ಮಾಡಬೇಕು? ಹೇಗೋ ಬಂದವಳು ರಕ್ತ ಪರೀಕ್ಷೆಗೆ ಒಂದು ಸಾಲು, ಬಿಪಿಗೆ ಇನ್ನೊಂದು ಸಾಲು ನಿಲ್ಲಬೇಕು. ಸ್ಕ್ಯಾನಿಂಗ್‌ಗೆ ದೊಡ್ಡ ಆಸ್ಪತ್ರೆಗೆ ಹೋಗಮ್ಮ ಅಂತೀವಿ. ಅಂದರೆ ಇನ್ನೊಂದು ದಿನದ ಕೂಲಿ. ಅಷ್ಟು ಹೊತ್ತು ಮನೆಯಲ್ಲಿರುವ ಎರಡು ವರ್ಷದ ಮಗುವನ್ನು ಯಾರು ನೋಡಿಕೊಳ್ಳಬೇಕು?

ಒಬ್ಬ ಬಸುರಿ ಹುಡುಗಿಗೆ ಹಿಮೋಗ್ಲೋಬಿನ್ 7 ಇತ್ತು, ಅಂದರೆ ರಕ್ತ ತುಂಬಾ ಕಮ್ಮಿ. ಅಡ್ಮಿಟ್ ಆಗು, ಐರನ್ ಇಂಜೆಕ್ಷನ್ ಕೊಡ್ತೀವಿ ಅಂದೆ. "ಮನ್ಯಾಗ ಕೇಳಿ ಬರ್ತೀನ್ರಿ ಅಕ್ಕಾರ" ಅಂದಳು. ಪಕ್ಕದಲ್ಲಿದ್ದ ಅತ್ತೆ, "ನಾವೇನು ದವಾಖಾನಿ ನೋಡಿ ಹಡದೀವೇನ್ರಿ?" ಅಂದರು. ಆ ಹುಡುಗಿ ತಪಾಸಣೆಯ ವಿವರ ಬರೆದಿಡುವ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಜೋಪಾನವಾಗಿ ಇಟ್ಟುಕೊಂಡಿದ್ದಳು. ಎಷ್ಟು ಮಾತ್ರೆ ನುಂಗಿದ್ದೇನೆ, ಯಾವಾಗ ವಾಂತಿ ಬಂದು ಬಿಟ್ಟೆ ಅಂತ ಸರಿಯಾಗಿ ಲೆಕ್ಕ ಕೊಟ್ಟಳು. ಅವಳಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಕೊನೆಗೆ ನಾನು ಅತ್ತೆಯನ್ನು ಕೂರಿಸಿಕೊಂಡೆ. ಮೊದಲೇ ರಕ್ತ ಕಮ್ಮಿ ಇದ್ದವಳಿಗೆ ಹೆರಿಗೆಯಲ್ಲಿ ರಕ್ತಸ್ರಾವ ಆದರೆ ಎಷ್ಟು ಬೇಗ ಕೈ ಮೀರುತ್ತದೆ ಅಂತ ಬಿಡಿಸಿ ಹೇಳಿದೆ. ಮರುದಿನ ಸೊಸೆಯನ್ನು ಅವರೇ ಕರೆದುಕೊಂಡು ಬಂದರು. ನಮ್ಮ ಪೋಸ್ಟರ್‌ಗಳೆಲ್ಲ ಬಸುರಿಗೆ ಮಾತ್ರ ಬುದ್ಧಿ ಹೇಳುತ್ತವೆ, ಅತ್ತೆಯನ್ನೂ ಗಂಡನನ್ನೂ ಯಾರೂ ಮಾತಾಡಿಸುವುದಿಲ್ಲ ಅನ್ನೋದು ನನಗೆ ತುಂಬಾ ಬೇಜಾರಿನ ವಿಷಯ.

ನಮ್ಮ ಕಡೆ ಇನ್ನೊಂದು ಕಾರಣ ಇದೆ. ಏಳನೇ ತಿಂಗಳಲ್ಲಿ ಕುಬಸ (ಸೀಮಂತ) ಮಾಡಿ ತವರಿಗೆ ಕಳಿಸುತ್ತಾರೆ. ಮನಸ್ಸಿಗೆ ಅದು ಒಳ್ಳೆಯದೇ. ಆದರೆ ಅಲ್ಲಿವರೆಗೆ ನೋಡಿಕೊಂಡ ಆಶಾ ಕಾರ್ಯಕರ್ತೆ ಗಂಡನ ಊರಿನಲ್ಲೇ ಉಳಿಯುತ್ತಾಳೆ. ತವರಿನ ಆಶಾಗೆ ಈ ಬಸುರಿ ಬಂದಿರೋದೇ ಗೊತ್ತಿರುವುದಿಲ್ಲ. ಬಿಪಿ ಏರುವ ತಿಂಗಳುಗಳಲ್ಲೇ ತಪಾಸಣೆ ತಪ್ಪಿಹೋಗುತ್ತದೆ. ಬೆಂಗಳೂರಿಗೆ ಗುಳೆ ಹೋದವರದ್ದಂತೂ ಕೇಳಲೇಬೇಡಿ.

ಹಾಗಂತ ಏನೂ ಸುಧಾರಿಸಿಲ್ಲ ಅಂದುಕೊಳ್ಳಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2005-06ರಲ್ಲಿ ದೇಶದ ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆದವು ಶೇ. 39. ಅದು 2019-21ರ ಹೊತ್ತಿಗೆ ಶೇ. 89 ಆಯಿತು. ಕರ್ನಾಟಕದಲ್ಲಿ ಶೇ. 97. ಆಶಾಗಳು, ಆಸ್ಪತ್ರೆ ಹೆರಿಗೆಗೆ ಹಣ ಕೊಡುವ 2005ರ ಜನನಿ ಸುರಕ್ಷಾ ಯೋಜನೆ, 108 ಆಂಬುಲೆನ್ಸ್ ಎಲ್ಲ ಸೇರಿ ಇಷ್ಟು ಮಾಡಿವೆ. ಆದರೆ ಅದೇ ಸಮೀಕ್ಷೆಯಲ್ಲಿ ನಾಲ್ಕು ಸಲವಾದರೂ ತಪಾಸಣೆ ಆದವರು ನಮ್ಮ ರಾಜ್ಯದಲ್ಲಿ ಸುಮಾರು ಶೇ. 70 ಮಾತ್ರ. ನೋವು ಬಂದಾಗ ಮನೆಯವರೆಲ್ಲ ಓಡುತ್ತಾರೆ. ಅದಕ್ಕೆ ಮುಂಚೆ ಅವಳು ಆರಾಮ ಇದ್ದಾಳಲ್ಲ, ಯಾಕೆ ಸುಮ್ನೆ ಒಂದು ದಿನ ಹಾಳು ಅನ್ನೋದೇ ಲೆಕ್ಕ.

ಬೇರೆ ದೇಶಗಳ ಬಗ್ಗೆ ಕೇಳಿದ್ದೀರಲ್ಲ. ಮನೆಯಲ್ಲಿ ನಿರ್ಧಾರ ತಡ, ದಾರಿಯಲ್ಲಿ ತಡ, ಆಸ್ಪತ್ರೆ ಸೇರಿದ ಮೇಲೂ ತಡ ಅಂತ 1994ರಲ್ಲಿ ಥಡ್ಡಿಯಸ್ ಮತ್ತು ಮೇನ್ ಎಂಬ ಸಂಶೋಧಕರು ಮೂರು ವಿಳಂಬ ಗುರುತಿಸಿದರು. ನೇಪಾಳದ ಗುಡ್ಡಗಾಡಿನಲ್ಲಿ ಎರಡನೆಯದು, ಅಂದರೆ ದಾರಿಯ ತಡ, ದೊಡ್ಡ ತೊಂದರೆ. ಸಿಯೆರಾ ಲಿಯೋನ್ 2010ರಲ್ಲಿ ಗರ್ಭಿಣಿಯರಿಗೆ ಶುಲ್ಕ ತೆಗೆದುಹಾಕಿತು, ಹೆಂಗಸರು ಬಂದರು, ಆದರೆ ಔಷಧಿ, ಸಿಬ್ಬಂದಿ ಸಾಲದಾಯಿತು. ಅದು ಮೂರನೆಯ ತಡ.

ಈ ಮೂರನೆಯದರಲ್ಲಿ ನಮ್ಮ ವರ್ತನೆಯೂ ಸೇರುತ್ತದೆ. ನೋವಿನಲ್ಲಿ ಕೂಗಿದವಳಿಗೆ "ಆವಾಗ ಗೊತ್ತಾಗಲಿಲ್ಲವಾ?" ಅನ್ನೋದನ್ನು, ತೊಡೆಗೆ ಹೊಡೆಯೋದನ್ನು ನಾನು ಒಂದು ಕಡೆ ಕಣ್ಣಾರೆ ಕಂಡಿದ್ದೇನೆ. ಹಾಗೆ ಅನುಭವಿಸಿದವಳು ಮುಂದಿನ ಸಲ ಕೊನೇ ಗಳಿಗೆವರೆಗೂ ಬರುವುದಿಲ್ಲ. ತಂಗಿಗೂ, ನಾದಿನಿಗೂ ಹೇಳುತ್ತಾಳೆ. ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ದುಡ್ಡು ತೆಗೆದುಕೊಳ್ಳದೆ ಸಾವಿರಾರು ಹೆರಿಗೆ ಮಾಡಿಸಿದವರು. ರಕ್ತಸ್ರಾವ, ಫಿಟ್ಸ್ ಬಂದರೆ ಆಸ್ಪತ್ರೆಯೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೂಲಗಿತ್ತಿ ಪಕ್ಕದಲ್ಲೇ ಕೂತು ಬೆನ್ನು ನೀವುತ್ತಿದ್ದಳು. ನಾವು ಅದನ್ನು ಬಿಟ್ಟಿದ್ದೇಕೆ? ಹೆರಿಗೆ ಕೋಣೆಗೆ ತಾಯಿಯನ್ನೋ ಅಕ್ಕನನ್ನೋ ಜೊತೆಗೆ ಬಿಟ್ಟ ದಿನ ಕೂಗಾಟ ಕಮ್ಮಿ, ನಮ್ಮವರ ಬೈಗುಳವೂ ಕಮ್ಮಿ.

ನಿಮ್ಮ ಪ್ರಶ್ನಾವಳಿಯಲ್ಲಿ "ತಪಾಸಣೆಗೆ ಹೋಗಿದ್ದಿರಾ, ಹೌದು/ಇಲ್ಲ" ಅಂತ ಮಾತ್ರ ಇಡಬೇಡಿ. ಹೋಗೋಕೆ ಯಾರನ್ನು ಕೇಳಬೇಕಾಯಿತು, ಅವತ್ತಿನ ಕೂಲಿ ಎಷ್ಟು ಹೋಯಿತು, ಹಿಂದಿನ ಹೆರಿಗೆಯಲ್ಲಿ ಯಾರು ಏನಂದರು ಅಂತ ಕೇಳಿ. ಅತ್ತೆ ಎದುರಿಗೆ ಕೇಳಬೇಡಿ, ಉತ್ತರ ಬರುವುದಿಲ್ಲ. ಅತ್ತೆಯನ್ನು ಬೇರೆಯಾಗಿ ಕೂರಿಸಿ ಮಾತಾಡಿಸಿ, ಅವರ ಹೆರಿಗೆ ಹೇಗಾಯಿತು ಅಂತಲೇ ಶುರು ಮಾಡಿ.