ಡಿಸ್ಲೆಕ್ಸಿಯಾ ಇದೆಯೆಂದು ತಿಳಿಯದೆಯೇ ಬೆಳೆದವರು ಓದನ್ನು ಹೇಗೆ ಕಲಿತಿರಿ?

ನಾಲ್ಕನೆಯ ತರಗತಿಯ ನಿಮ್ಮ ಮಗ ಪಾಠವನ್ನು ಕೇಳಿಸಿಕೊಂಡರೆ ಸರಾಗವಾಗಿ ಉತ್ತರ ಹೇಳುತ್ತಾನೆ, ಅದೇ ಪಾಠವನ್ನು ಓದು ಎಂದರೆ ತಡವರಿಸುತ್ತಾನೆ ಎಂದು ಬರೆದಿದ್ದೀರಿ. ನಾನೂ ಹಾಗೆಯೇ ಇದ್ದೆ. ಅಕ್ಷರಗಳನ್ನು ಓದಲು, ಬರೆಯಲು ಕಷ್ಟವಾಗುವ ಈ ಕಲಿಕಾ ತೊಂದರೆಗೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆ ಎಂದು ತಿಳಿಯುವ ಹೊತ್ತಿಗೆ ನನಗೆ 31 ವರ್ಷವಾಗಿತ್ತು.

ನಾನು ಬೆಳೆದದ್ದು ದಾವಣಗೆರೆಯಲ್ಲಿ. ಆಗಿನ್ನೂ ನಮ್ಮೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ವಿಳಾಸ ಬರೆಯುವಾಗಲೆಲ್ಲ ನನ್ನ ಕೈ ತಡೆದು ನಿಲ್ಲುತ್ತಿದ್ದದ್ದು ಜಿಲ್ಲೆಯ ಹೆಸರಿನಲ್ಲಿಯೇ. ಆ ಒಂದು ಪದದಲ್ಲಿ ರಕಾರ ಎರಡು ಸಲ ಬರುತ್ತದೆ: 'ತ್ರ'ದಲ್ಲಿ ಅದು ಒತ್ತಾಗಿ ಕೆಳಗೆ ಕೂತು ತಕಾರದ ನಂತರ ಕೇಳಿಸುತ್ತದೆ, 'ರ್ಗ'ದಲ್ಲಿ ಅರ್ಕಾವತ್ತಾಗಿ ಗಕಾರದ ಬಲಕ್ಕೆ ಕೂತರೂ ಗಕಾರಕ್ಕಿಂತ ಮೊದಲೇ ಕೇಳಿಸುತ್ತದೆ. ಉಳಿದ ಮಕ್ಕಳು ತಾವಾಗಿ ರೂಢಿಸಿಕೊಂಡ ಈ ವ್ಯತ್ಯಾಸ ನನಗೆ ಏಳನೆಯ ತರಗತಿ ಮುಗಿದರೂ ದಕ್ಕಲಿಲ್ಲ. 1997ರಲ್ಲಿ ದಾವಣಗೆರೆಯೇ ಜಿಲ್ಲೆಯಾದಾಗ, ಇನ್ನು ಒತ್ತಕ್ಷರವೇ ಇಲ್ಲದ ಹೆಸರನ್ನು ಬರೆದರೆ ಸಾಕಲ್ಲ ಎಂದು ನನಗಾದ ಸಮಾಧಾನವನ್ನು ಯಾರಿಗೂ ಹೇಳಿಕೊಂಡಿರಲಿಲ್ಲ.

ಶಾಲೆಯಲ್ಲಿ ನಾನು ಓದುತ್ತಿರಲಿಲ್ಲ, ಬಾಯಿಪಾಠ ಮಾಡುತ್ತಿದ್ದೆ. ಮುಂದೆ ಕೂತ ಹುಡುಗರು ಓದುವುದನ್ನು ಕೇಳಿಸಿಕೊಂಡು, ನನ್ನ ಸರದಿ ಬಂದಾಗ ಸಾಲುಗಳ ಮೇಲೆ ಬೆರಳಾಡಿಸುತ್ತ ಒಪ್ಪಿಸಿಬಿಡುತ್ತಿದ್ದೆ. ಐದನೆಯ ತರಗತಿಯಲ್ಲಿ ಒಂದು ದಿನ, ನನ್ನ ಬೆರಳು ಒಂದು ಪುಟದಲ್ಲಿಯೂ ಮಾತು ಇನ್ನೊಂದು ಪುಟದಲ್ಲಿಯೂ ಇರುವುದನ್ನು ಮೇಷ್ಟ್ರು ಕಂಡುಹಿಡಿದು, ಮೋಸಗಾರನೆಂದು ಎಲ್ಲರೆದುರು ನಿಲ್ಲಿಸಿದರು. ಇಡೀ ಪಾಠ ಬಾಯಿಗೆ ಬರುವ ಹುಡುಗನಿಗೆ ಓದಲು ಮಾತ್ರ ಏಕೆ ಬರುವುದಿಲ್ಲ ಎಂದು ಅಂದು ಯಾರೂ ಕೇಳಲಿಲ್ಲ.

ನನಗೆ ಅಕ್ಷರ ಒಲಿದದ್ದು ದೊಡ್ಡಮ್ಮನಿಂದ. ಅವರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದರು. ಹುರಿಯುವ ಮರಳು ಆರಿದ ಮೇಲೆ ಒಂದು ತಟ್ಟೆಯಷ್ಟನ್ನು ಹರವಿ, ತಮಗೆ ಅವರ ಅಜ್ಜ ಕಲಿಸಿದಂತೆಯೇ ಬೆರಳಿನಿಂದ ಒಂದೊಂದೇ ಅಕ್ಷರವನ್ನು ತಿದ್ದಿಸಿದರು. ಬರೆಯುವಾಗ ಅದನ್ನು ಗಟ್ಟಿಯಾಗಿ ಹೇಳಬೇಕು, ತಪ್ಪಿದರೆ ಅಂಗೈಯಿಂದ ಸವರಿ ಮತ್ತೆ ಬರೆಯಬೇಕು. ಬೈಗುಳವಿರಲಿಲ್ಲ, ಕೆಂಪು ಶಾಯಿಯೂ ಇರಲಿಲ್ಲ. ಎರಡು ಬೇಸಿಗೆ ರಜೆ ಹೀಗೆ ಕಳೆದ ಮೇಲೆ 'ದುರ್ಗ' ನನ್ನ ಬೆರಳಿಗೆ ಬಂತು. ಕಣ್ಣು, ಕಿವಿ, ಬೆರಳು ಮೂರನ್ನೂ ಒಟ್ಟಿಗೆ ದುಡಿಸುವ ಇಂಥದೇ ಕ್ರಮವನ್ನು ವಿಶೇಷ ಶಿಕ್ಷಕರು ಅನುಸರಿಸುತ್ತಾರೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಅಕ್ಕನ ಮಗನನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಿದಾಗ, ಮನೆಯಲ್ಲಿ ಇನ್ನಾರಿಗಾದರೂ ಹೀಗಿತ್ತೇ ಎಂದು ಕೇಳಿದರಂತೆ. ಅಕ್ಕ ನನ್ನ ಹೆಸರು ಹೇಳಿದಳು. ಇದು ವಂಶದಲ್ಲಿ ಹರಿದು ಬರುವುದುಂಟು, ಬುದ್ಧಿ ಕಡಿಮೆಯಿರುವುದರಿಂದ ಬರುವುದಲ್ಲ, ಪೂರ್ತಿ ವಾಸಿಯಾಗುವುದೂ ಅಲ್ಲ. ಇಂದಿಗೂ ನಾನು ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡೇ ಓದುತ್ತೇನೆ, ಉದ್ದನೆಯ ಪತ್ರಗಳನ್ನು ಫೋನಿನಿಂದ ಓದಿಸಿ ಕೇಳುತ್ತೇನೆ.

ನಿಮ್ಮ ಮಗನ ಕಣ್ಣು, ಕಿವಿಗಳನ್ನು ಮೊದಲು ಪರೀಕ್ಷಿಸಿ, ನಂತರ ಕಲಿಕಾ ತೊಂದರೆಯ ಪರೀಕ್ಷೆ ನಡೆಸುವ ಮನಶ್ಶಾಸ್ತ್ರಜ್ಞರಲ್ಲಿಗೆ ಕರೆದೊಯ್ಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ನ್ಯೂನತೆಗಳಲ್ಲಿ ಡಿಸ್ಲೆಕ್ಸಿಯಾವನ್ನು ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು. ಅಲ್ಲಿಯವರೆಗೆ ಸಂಜೆಯ ಪಾಠವನ್ನು ನೀವು ಓದಿ ಹೇಳಿ, ಉತ್ತರವನ್ನು ಅವನ ಬಾಯಿಂದಲೇ ಕೇಳಿ. ಮೊದಲೇ ತಿಳಿಸದೆ ಎಲ್ಲರೆದುರು ಓದಿಸಬೇಡಿ ಎಂದು ಅವನ ಟೀಚರಿಗೆ ನೀವೇ ಹೋಗಿ ಹೇಳಿ.