'ದಿ ಓನೆಡಿನ್ ಲೈನ್' ಮೊದಲನೇ ಎಪಿಸೋಡಲ್ಲಿ ಸೀರಿಯಲ್ ನಾಯಕ ಜೇಮ್ಸ್ ಬರೀ ಹಡಗಿನಾಸೆಗೇ ಮದುವೆ ಆಗಿದ್ದಾ?

ಹೌದು, ಶುರುನಲ್ಲಿ ಹಡಗಿಗೋಸ್ಕರನೇ. ಅದನ್ನ ಸೀರಿಯಲ್ ಮುಚ್ಚಿಡೋದೂ ಇಲ್ಲ.

ಬಿಬಿಸಿನಲ್ಲಿ 1971ರಿಂದ 1980ರವರೆಗೆ ಬಂದಿದ್ದು ಇದು, ಕಥೆ ನಡೆಯೋದು 1860ರ ಲಿವರ್‌ಪೂಲ್ ಬಂದರಲ್ಲಿ. ಅಪ್ಪ ಸತ್ತ ಮೇಲೆ ಹಡಗಿನ ಸಾಮಾನು ಮಾರೋ ಅಂಗಡಿ ಅಣ್ಣ ರಾಬರ್ಟ್ ಪಾಲಾಗತ್ತೆ, ಜೇಮ್ಸ್‌ಗೆ ಹೇಳ್ಕೊಳೋ ಅಂಥದ್ದೇನೂ ಸಿಗಲ್ಲ, ಬೇರೆಯವರ ಹಡಗು ಓಡಿಸಿ ಸಾಕಾಗಿರೋ ಅವನಿಗೆ ಸ್ವಂತದ್ದೊಂದು ಬೇಕೇ ಬೇಕು, ಆಗ ಕಣ್ಣಿಗೆ ಬೀಳೋದೇ ಕುಡಿತದ ಚಟ ಇರೋ ಮುದುಕ ಕ್ಯಾಪ್ಟನ್ ವೆಬ್‌ಸ್ಟರ್‌ನ 'ಶಾರ್ಲಟ್ ರೋಡ್ಸ್' ಅನ್ನೋ ಮೂರು ಕಂಬದ ಹಾಯಿಹಡಗು. ವೆಬ್‌ಸ್ಟರ್‌ ಮಗಳು ಆನ್, ಜೇಮ್ಸ್‌ಗಿಂತ ವಯಸ್ಸಲ್ಲಿ ದೊಡ್ಡವಳು, ಮದುವೆ ಆಗಿಲ್ಲ. ನನಗೆ ತುಂಬಾ ಇಷ್ಟ ಆಗೋದು ಅವಳು ಇದರಲ್ಲಿ ಮೋಸ ಹೋದವಳಲ್ಲ ಅನ್ನೋದು, ಇವನಿಗೆ ಏನು ಬೇಕು ಅಂತ ಚೆನ್ನಾಗಿ ಗೊತ್ತಿದ್ದು ಹಡಗು ಬೇಕಾದ್ರೆ ನನ್ನನ್ನ ಮದುವೆ ಆಗು ಅಂತ ಅವಳೇ ವ್ಯವಹಾರ ಕುದುರಿಸ್ತಾಳೆ. ಆನ್ ಪಾತ್ರ ಮಾಡಿರೋ ನಟಿ ಆನ್ ಸ್ಟಾಲಿಬ್ರಾಸ್ ಮುಖದಲ್ಲಿ ಆ ನಾಚಿಕೆ, ಹಠ ಎರಡೂ ಒಟ್ಟಿಗೆ ಕಾಣತ್ತೆ ನೋಡಿ, ಜೇಮ್ಸ್ ಪಾತ್ರದ ಪೀಟರ್ ಗಿಲ್ಮೋರ್ ಎದುರಿಗೆ ಒಂಚೂರೂ ಕಮ್ಮಿ ಅನ್ಸಲ್ಲ.

ಆಮೇಲೆ ಇಬ್ಬರಿಗೂ ನಿಜವಾಗ್ಲೂ ಪ್ರೀತಿ ಆಗತ್ತೆ. ಆದ್ರೆ ಎರಡನೇ ಸೀಸನ್ ಕೊನೇಲಿ ಹೆರಿಗೆ ಆಗುವಾಗ ಅವಳು ತೀರ್ಕೋತಾಳೆ. ಅದನ್ನ ನೋಡಿದ ಮೇಲೆ ಮೊದಲನೇ ಎಪಿಸೋಡ್ ಇನ್ನೊಂದ್ಸಲ ಹಾಕ್ಕೊಂಡು ನೋಡಿ, ಆ ಚೌಕಾಸಿ ಸೀನ್ ಬಂದಾಗ ಗಂಟಲು ಕಟ್ಟತ್ತೆ.