ಫಿಸಿಕ್ಸ್ ಮೊದಲೋ, ಬಯಾಲಜಿ ಮೊದಲೋ?

ಕ್ಯಾಲಿಫೋರ್ನಿಯಾದಿಂದ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಎಂಟನೇ ಗ್ರೇಡ್, ಆಲ್ಜೀಬ್ರಾ 1 ಓದುತ್ತಿದ್ದಾಳೆ. ಆಗಸ್ಟ್‌ಗೆ ಹೈಸ್ಕೂಲು. ಒಂಬತ್ತರಲ್ಲಿ ಬಯಾಲಜಿ ಬೇಕೋ ಫಿಸಿಕ್ಸ್ ಬೇಕೋ ಎಂದು ಶಾಲೆಯವರು ಫಾರಂ ಕಳಿಸಿದ್ದಾರೆ. ನಾವು ಊರಿನಲ್ಲಿ ಮೂರನ್ನೂ ಒಟ್ಟಿಗೇ ಓದಿದವರು, ಈ ಒಂದೊಂದು ವರ್ಷಕ್ಕೆ ಒಂದೊಂದು ವಿಜ್ಞಾನದ ಲೆಕ್ಕ ಅರ್ಥವಾಗುತ್ತಿಲ್ಲ. ಆಯ್ಕೆ ತಪ್ಪಿದರೆ ಇಂಜಿನಿಯರಿಂಗ್ ಕೈತಪ್ಪೀತೇ?"

ಕೈತಪ್ಪುವುದಿಲ್ಲ. ಆದರೆ ಫಾರಂ ತುಂಬುವ ಮುಂಚೆ ವಿಜ್ಞಾನವನ್ನು ಪಕ್ಕಕ್ಕಿಟ್ಟು ಗಣಿತದ ನಾಲ್ಕು ವರ್ಷ ಬರೆದುಕೊಳ್ಳಿ: ಒಂಬತ್ತರಲ್ಲಿ ಜಾಮೆಟ್ರಿ, ಹತ್ತರಲ್ಲಿ ಆಲ್ಜೀಬ್ರಾ 2, ಹನ್ನೊಂದರಲ್ಲಿ ಪ್ರಿಕ್ಯಾಲ್ಕುಲಸ್, ಹನ್ನೆರಡರಲ್ಲಿ ಕ್ಯಾಲ್ಕುಲಸ್. ವಿಜ್ಞಾನ ಇದರ ಬೆನ್ನಿಗೆ ಬರಬೇಕು.

ಅಮೆರಿಕದ ಕ್ರಮ ಹುಟ್ಟಿದ್ದೂ ಹೀಗೇ. ಹಾರ್ವರ್ಡ್ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಮುಂದಾಳಾಗಿ ಹೈಸ್ಕೂಲಿನ ಪಾಠಕ್ರಮ ಗೊತ್ತುಮಾಡಲು 1892ರಲ್ಲಿ ಕೂತ 'ಹತ್ತು ಮಂದಿಯ ಸಮಿತಿ' ವಿಷಯವಾರು ತಜ್ಞರನ್ನು ಕೇಳಿದಾಗ, ಭೌತ-ರಸಾಯನದವರು ಫಿಸಿಕ್ಸನ್ನು ಕೆಮಿಸ್ಟ್ರಿಯ ನಂತರಕ್ಕೆ ತಳ್ಳಿದರು. ಇದು ತರ್ಕದ ಕ್ರಮವಲ್ಲ ಎಂದು ಅವರೇ ಒಪ್ಪಿಕೊಂಡರು. ಅಷ್ಟರೊಳಗೆ ಮಕ್ಕಳು ಹೆಚ್ಚು ಗಣಿತ ಕಲಿತಿರಲಿ ಎಂಬುದಷ್ಟೇ ಕಾರಣ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಶರೀರಶಾಸ್ತ್ರಗಳನ್ನು ಕೂಡಿಸಿದ ಬಯಾಲಜಿ ಆಮೇಲೆ ಬಂದು, ಲೆಕ್ಕ ಕಡಿಮೆ ಇದ್ದುದರಿಂದ ಕೆಳಗಿನ ತರಗತಿಯಲ್ಲಿ ಕೂತಿತು. (ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್: ಇಂಗ್ಲಿಷ್ ಅಕ್ಷರಗಳ ಸಾಲೂ ಇದೇ. ನಮ್ಮ ವರ್ಣಮಾಲೆ ಹಿಡಿದಿದ್ದರೆ ಕೆಮಿಸ್ಟ್ರಿಯೇ ಮೊದಲು.)

ಈ ಕ್ರಮವನ್ನು ತಿರುಗಿಸಿ ಫಿಸಿಕ್ಸ್ ಮೊದಲು ಕಲಿಸಬೇಕೆಂದು ಪಟ್ಟು ಹಿಡಿದವರಲ್ಲಿ ದೊಡ್ಡ ಹೆಸರು 1988ರ ಭೌತಶಾಸ್ತ್ರದ ನೊಬೆಲ್ ಪಡೆದ ಲಿಯಾನ್ ಲೆಡರ್‌ಮನ್. ಡಿಎನ್‌ಎ, ಎಂಜೈಮು, ಎಟಿಪಿ ಎನ್ನುವ ಇಂದಿನ ಬಯಾಲಜಿಗೆ ರಸಾಯನ ಬೇಕು, ರಸಾಯನಕ್ಕೆ ಪರಮಾಣುವಿನ ಭೌತಶಾಸ್ತ್ರ ಬೇಕು ಎಂಬ ಅವರ ವಾದದಲ್ಲಿ ಹುರುಳಿದೆ. ಆದರೆ ತರ್ಕ ಸರಿಯಿದ್ದ ಮಾತ್ರಕ್ಕೆ ಫಲ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದ ಶಾಲಾ ಆಡಳಿತ 2001ರಲ್ಲಿ ಒಂಬತ್ತರವರಿಗೆಲ್ಲ ಫಿಸಿಕ್ಸ್ ಕಡ್ಡಾಯ ಮಾಡಿ ಕೆಲವೇ ವರ್ಷಗಳಲ್ಲಿ ಹಿಂದೆ ಸರಿಯಿತು. ಸಂಶೋಧಕರಾದ ಫಿಲಿಪ್ ಸ್ಯಾಡ್ಲರ್ ಮತ್ತು ರಾಬರ್ಟ್ ಟೈ 8 ಸಾವಿರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳನ್ನು ನೋಡಿ 2007ರಲ್ಲಿ ಹೇಳಿದ್ದು ಇದು: ಹೈಸ್ಕೂಲಿನ ಫಿಸಿಕ್ಸ್ ಕಾಲೇಜಿನ ಫಿಸಿಕ್ಸಿಗೆ ನೆರವಾಗುತ್ತದೆ, ಕೆಮಿಸ್ಟ್ರಿಗಲ್ಲ. ಎಲ್ಲಕ್ಕೂ ನೆರವಾಗುವುದು ಗಣಿತ.

ಒಂಬತ್ತರ ಫಿಸಿಕ್ಸಿನಲ್ಲಿ ಮಕ್ಕಳು ಮುಗ್ಗರಿಸುವುದು ಸಾಮಾನ್ಯವಾಗಿ ನ್ಯೂಟನ್ನನ ನಿಯಮದಲ್ಲಲ್ಲ. ಸಮೀಕರಣದಲ್ಲಿ ಬೇಕಾದ ಅಕ್ಷರವನ್ನು ಒಂದು ಕಡೆಗೆ ತರಲು ಬಾರದೆ, ವೇಗ-ಕಾಲದ ಗೆರೆಯ ಇಳಿಜಾರೇ ವೇಗೋತ್ಕರ್ಷ ಎಂದು ಹೊಳೆಯದೆ. ಇನ್ನೊಂದು ತೊಡಕು ಕ್ಯಾಲೆಂಡರಿನದು: ಇಳಿಜಾರು ಹಲಗೆಯ ಮೇಲಿನ ಬಲವನ್ನು ಬಿಡಿಸಲು ಸೈನ್, ಕೊಸೈನ್ ಬೇಕು, ಜಾಮೆಟ್ರಿ ತರಗತಿಯಲ್ಲಿ ಅವು ಬರುವುದು ಹೆಚ್ಚಾಗಿ ವರ್ಷದ ಕೊನೆಗೆ. ಹಾಗಾಗಿ ಟೀಚರ್ ಲೆಕ್ಕ ಬಿಟ್ಟು ಚಿತ್ರದಲ್ಲೇ ಮುಗಿಸುತ್ತಾರೆ. ಮಗಳಿಗೆ ಒಂದು ಪರೀಕ್ಷೆ ಕೊಡಿ: ನಿಂತಲ್ಲಿಂದ ಬಿಟ್ಟ ಕಲ್ಲು, ವೇಗೋತ್ಕರ್ಷ 10, ದೂರ 20 ಮೀಟರ್, ಕಾಲ ಎಷ್ಟು? ದೂರದ ಸೂತ್ರ ನೀವೇ ಬರೆದುಕೊಡಿ. ಕ್ಯಾಲ್ಕುಲೇಟರ್ ಇಲ್ಲದೆ 2 ಸೆಕೆಂಡ್ ಎಂದು ತೆಗೆದರೆ ಅವಳಿಗೆ ಎರಡು ದಾರಿಯೂ ತೆರೆದಿದೆ.

ಕೆಮಿಸ್ಟ್ರಿಗೆ ಹತ್ತನೇ ವರ್ಷವೇ ಹದ. 4 ಗ್ರಾಂ ಹೈಡ್ರೋಜನ್ 32 ಗ್ರಾಂ ಆಕ್ಸಿಜನ್ ಸೇರಿ 36 ಗ್ರಾಂ ನೀರು. ಹೈಡ್ರೋಜನ್ 10 ಗ್ರಾಂ ಆದರೆ ಆಕ್ಸಿಜನ್ 80. ಮೋಲ್ (ಕಣಗಳನ್ನು ಎಣಿಸುವ ಅಳತೆ) ಲೆಕ್ಕದ ಬೇರು ಈ ಅನುಪಾತ. ಪಿಎಚ್‌ಗೆ ಬೇಕಾದ ಲಾಗರಿದಮ್ಮು ಆಲ್ಜೀಬ್ರಾ 2ರಲ್ಲಿ ಜೊತೆಜೊತೆಗೇ ಬರುತ್ತದೆ.

ನಿಮ್ಮ ಮಗಳಿಗೆ ಇಂಜಿನಿಯರಿಂಗೇ ಗುರಿಯಾದರೆ ನಮ್ಮ ಒಲವು ಬಯಾಲಜಿ ಮೊದಲು ಎಂಬುದರ ಕಡೆಗೆ. ನಿಮ್ಮ ಶಾಲೆಯ ಪಟ್ಟಿಯಲ್ಲಿ ಅದು 'ಲಿವಿಂಗ್ ಅರ್ತ್' ಎಂಬ ಹೆಸರಿನಲ್ಲಿರಬಹುದು. ಹತ್ತರಲ್ಲಿ ಕೆಮಿಸ್ಟ್ರಿ, ಹನ್ನೊಂದರಲ್ಲಿ ಪ್ರಿಕ್ಯಾಲ್ಕುಲಸ್ ಜೊತೆ ಎಪಿ (ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ) ಫಿಸಿಕ್ಸ್ 1, ಹನ್ನೆರಡರಲ್ಲಿ ಕ್ಯಾಲ್ಕುಲಸ್ ಜೊತೆ, ಅದನ್ನೇ ಬಳಸುವ ಎಪಿ ಫಿಸಿಕ್ಸ್ ಸಿ. ಫಿಸಿಕ್ಸ್ ಮೊದಲಾದರೆ ಒಂಬತ್ತಕ್ಕೂ ಹನ್ನೆರಡಕ್ಕೂ ನಡುವೆ ಕೆಮಿಸ್ಟ್ರಿ, ಬಯಾಲಜಿ ಬಂದು ಎರಡು ವರ್ಷ ಫಿಸಿಕ್ಸೇ ಇಲ್ಲದೆ ಹೋಗುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಲೆಕ್ಕವೂ ಇಲ್ಲಿ ಮುಖ್ಯ: ಜಿಪಿಎಗೆ, ಅಂದರೆ ಗ್ರೇಡ್‌ಗಳ ಸರಾಸರಿಗೆ, ಹಿಡಿಯುವುದು ಹತ್ತು, ಹನ್ನೊಂದರ ಗ್ರೇಡ್, ಅರ್ಜಿ ಹೋಗುವಾಗ ಹನ್ನೆರಡರ ಗ್ರೇಡ್ ಇನ್ನೂ ಬಂದಿರುವುದಿಲ್ಲ. ಹನ್ನೊಂದರ ಫಿಸಿಕ್ಸ್ ಮಾತ್ರ ಸರಿಯಾದ ಜಾಗದಲ್ಲಿ ಕಾಣುತ್ತದೆ. ಯೂನಿವರ್ಸಿಟಿಯವರು ಕೇಳುವುದು ಎರಡು ವರ್ಷ ಲ್ಯಾಬ್ ವಿಜ್ಞಾನ, ಮೂರಿದ್ದರೆ ಒಳ್ಳೆಯದು. ಯಾವುದು ಮೊದಲು ಎಂದು ಕೇಳುವುದಿಲ್ಲ.

ಮೆಡಿಕಲ್ಲಿನ ಕಡೆ ಮನಸ್ಸಿದ್ದರೆ ಮಾತು ಬೇರೆ. ಫಿಸಿಕ್ಸ್, ಕೆಮಿಸ್ಟ್ರಿ ಮುಗಿಸಿ ಹನ್ನೊಂದರಲ್ಲಿ ಬಯಾಲಜಿಗೆ ಬಂದವಳಿಗೆ ಕೋಶ ಅರ್ಥವಾಗುವ ರೀತಿಯೇ ಬೇರೆ.

ಒಂದು ತಪ್ಪು ಮಾತ್ರ ಮಾಡಬೇಡಿ: ವರ್ಷ ಉಳಿಸಲು ಸಾದಾ ಕೆಮಿಸ್ಟ್ರಿ ಹಾರಿ ನೇರ ಎಪಿ ಕೆಮಿಸ್ಟ್ರಿಗೆ ಕೂರಿಸುವುದು. ಪರೀಕ್ಷೆ ಮೇ ತಿಂಗಳಲ್ಲಿ, ಪಾಠ ಏಪ್ರಿಲ್ ಒಳಗೆ ಮುಗಿಯಬೇಕು, ಅದರಲ್ಲಿ ಕಾಲು ಭಾಗ ಲ್ಯಾಬ್. ಮೋಲ್ ಅಂದರೇನು ಎಂದು ಮತ್ತೆ ಹೇಳಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋಗುವ ಸಾಧ್ಯತೆ ಇದ್ದರೆ ಅದನ್ನೂ ಎಣಿಸಿ. ಹೆಚ್ಚಿನ ಕಡೆ ಹತ್ತರವರು ಬಯಾಲಜಿ ಮುಗಿಸಿರುತ್ತಾರೆ. ಫಿಸಿಕ್ಸ್ ಮೊದಲು ಓದಿದ್ದರೆ ನಿಮ್ಮವಳು ಬಯಾಲಜಿಗೆ ಒಂಬತ್ತರವರ ಜೊತೆ ಕೂರಬೇಕಾದೀತು. ಕೌನ್ಸೆಲರ್ ಬಳಿ ಎರಡು ಪ್ರಶ್ನೆ ಕೇಳಿ: ಒಂಬತ್ತರ ಫಿಸಿಕ್ಸಿನಲ್ಲಿ ಆಲ್ಜೀಬ್ರಾ ಎಷ್ಟು ಬಳಸುತ್ತಾರೆ? ಎಪಿ ಫಿಸಿಕ್ಸ್ ಸಿ ಪ್ರತಿವರ್ಷ ನಡೆಯುತ್ತದೆಯೇ? ಬದಲಾಯಿಸಬೇಕೆನಿಸಿದರೆ ಶಾಲೆ ತೆರೆದ ಮೊದಲ ವಾರದಲ್ಲೇ ಹೇಳಿ, ಆಮೇಲೆ ಲ್ಯಾಬಿನಲ್ಲಿ ಜಾಗ ಸಿಗುವುದು ಕಷ್ಟ.

— ಸಂ.